ಎಲುಬಿಲ್ಲದ ಕಲ್ಲಿನ ಊರಿನಿಂದ

ಬಳ್ಳಾರಿ

ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತೇನೆ. ಪಳೆಯುಳಿಕೆಗಳ ಪಾಠಕ್ಕೆಂದು ನಮ್ಮಲ್ಲಿ ಒಂದು ಗಾಜಿನ ಬೀರು ಇದೆ. ಅದರಲ್ಲಿರುವುದೆಲ್ಲ ಪ್ಲಾಸ್ಟರಿನ ಅಚ್ಚುಗಳು. ಒಂದೊಂದನ್ನೇ ತೆಗೆದು ಮೇಜಿನ ಮೇಲಿಟ್ಟು, ಇದು ನೆಲದಲ್ಲಿ ಹೀಗೆ ಸಿಗುತ್ತದೆ ಎಂದು ಹೇಳಿ ಮತ್ತೆ ಒಳಗಿಡುತ್ತೇನೆ. ನೆಲದಲ್ಲಿ ಹೇಗೆ ಸಿಗುತ್ತದೆ ಎಂಬುದನ್ನು ನಾನೇ ಕಂಡಿರಲಿಲ್ಲ. ನಮ್ಮ ಕಡೆ ಕಾಣುವ ದಾರಿಯೂ ಇಲ್ಲ. ಬಳ್ಳಾರಿ ಗುಡ್ಡದ ಬಂಡೆ, ನಾನು ಹುಟ್ಟಿ ಬೆಳೆದ ಕುರುಗೋಡಿನ ಬೆಟ್ಟ, ಸಂಡೂರಿನ ಕೆಂಪು ಅದಿರು, ಇವೆಲ್ಲ ಭೂಮಿಯ ಮೇಲೆ ಎಲುಬು ಎಂಬ ವಸ್ತುವೇ ಇಲ್ಲದ ಕಾಲದವು. ಅಂಥ ಕಲ್ಲನ್ನು ಎಷ್ಟು ಒಡೆದರೂ ಒಳಗೆ ಯಾರೂ ಇರುವುದಿಲ್ಲ.

ಇದನ್ನು ತರಗತಿಯಲ್ಲಿ ಹೇಳಿದ ದಿನ ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಿಂದ ಬರುತ್ತಿದ್ದ ಶರಣಮ್ಮ ಎಂಬ ಹುಡುಗಿ ಎದ್ದು ನಿಂತಿದ್ದಳು.

"ಒಂದು ಎಲುಬೂ ಸಿಗಂಗಿಲ್ಲೇನ್ರಿ, ಮೇಡಂ?"

"ಇಲ್ಲ."

"ಹಂಗಾರ ಸಿಗೋ ಕಡೆ ಹೋಗ್ಬೇಕಾತು," ಎಂದು ಕೂತಿದ್ದಳು. ತರಗತಿ ನಕ್ಕಿತ್ತು.

ಅವಳು ನಿಜವಾಗಿ ಹೋದಳು. ಈಗ ಅರ್ಜೆಂಟೀನಾದ ಒಂದು ಮ್ಯೂಸಿಯಮ್ಮಿನಲ್ಲಿ ಸಂಶೋಧನೆ ಮಾಡುತ್ತಾಳೆ. ದಕ್ಷಿಣ ಅಮೆರಿಕ ಬೇರೆ ಖಂಡಗಳಿಂದ ಕಡಿದುಕೊಂಡು ನೀರಿನ ನಡುವೆ ಒಂಟಿಯಾಗಿದ್ದ ಕಾಲದಲ್ಲಿ ಅಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಮುಗಿದುಹೋದ ಗೊರಸಿನ ಪ್ರಾಣಿಗಳು ಅವಳ ವಿಷಯ. ಕಳೆದ ವರ್ಷ ಒಂದು ಸಂಜೆ ಅವಳ ಫೋನು ಬಂತು. "ಬರ್ರಿ ಮೇಡಂ. ಒಂದು ದೊಡ್ಡದು ಸಿಕ್ಕೈತಿ. ಮಣ್ಣು ಕೆರಿಯಾಕ ಕೈ ಕಡಿಮಿ ಬಿದ್ದಾವ."

ಹೊರಡುವ ಹಿಂದಿನ ದಿನ ಅವಳ ತಾಯಿ ಹಚ್ಚೊಳ್ಳಿಯಿಂದ ಬಸ್ಸು ಹತ್ತಿ ಪಾರ್ವತಿನಗರದ ನಮ್ಮ ಮನೆಗೆ ಬಂದರು. ಮಗಳಿಗೆಂದು ಶೇಂಗಾ ಪುಡಿ ತಂದಿದ್ದರು. ಚಹಾ ಕುಡಿಯುತ್ತಾ ಕೇಳಿದರು.

"ಸತ್ತ ದನದ ಎಲುಬು ಆರ್ಸಾಕ ಅಷ್ಟು ದೂರ ಹೋಗ್ಬೇಕೇನ್ರಿ? ನಮ್ಮ ಕಾಲುವಿ ದಂಡಿಮ್ಯಾಗ ಬೇಕಾದಷ್ಟು ಬಿದ್ದಿರ್ತಾವ."

"ಇವು ಹಳೆಯವು," ಎಂದೆ.

"ಅವೂ ಏನ್ ಹೊಸಾವಲ್ಲ ತಗೋರಿ," ಎಂದರು.

ಬಯಲು

ವಿಮಾನ, ಇನ್ನೊಂದು ವಿಮಾನ, ಬಸ್ಸು, ಕೊನೆಗೆ ಮ್ಯೂಸಿಯಮ್ಮಿನ ಹಳೆಯ ವ್ಯಾನು. ಇವುಗಳ ನಡುವೆ ಎಲ್ಲಿ ನಿದ್ದೆ ಮಾಡಿದೆ, ಎಲ್ಲಿ ಎಚ್ಚರವಿದ್ದೆ ಎಂಬುದು ಕಲಸಿಹೋಗಿದೆ. ಕಣ್ಣು ಬಿಟ್ಟಾಗ ಬಯಲಿತ್ತು. ಮುಚ್ಚಿ ಮತ್ತೆ ಬಿಟ್ಟಾಗಲೂ ಅದೇ ಬಯಲಿತ್ತು.

ಭತ್ತ ಕೊಯ್ದ ಮೇಲೆ ಸಿರುಗುಪ್ಪದಿಂದ ದೇಶನೂರಿನ ಕಡೆ ಹೋದರೆ ಕಾಣುವ ಬಯಲನ್ನೇ ನಾನು ದೊಡ್ಡದೆಂದುಕೊಂಡಿದ್ದೆ. ಅಲ್ಲಿ ಕಾಲುವೆಯ ಏರಿ ಇದೆ, ಜಾಲಿ ಮರವಿದೆ, ಕಣ್ಣಿಗೆ ಒಂದು ಅಂಚು ಸಿಗುತ್ತದೆ. ಪಾಂಪಾ ಎಂದು ಕರೆಯುವ ಈ ಹುಲ್ಲುಗಾವಲಿಗೆ ಅಂಚೇ ಇರಲಿಲ್ಲ. ದೂರದ ದನಗಳು ನೆಲದ ಮೇಲೆ ನಿಂತಿವೆಯೋ ಆಕಾಶದ ಕೆಳತುದಿಗೆ ಅಂಟಿವೆಯೋ ಹೇಳಲಾಗುತ್ತಿರಲಿಲ್ಲ. ಒಂದು ಕಲ್ಲೂ ಇರಲಿಲ್ಲ. ಬಳ್ಳಾರಿಯವರಿಗೆ ಕಲ್ಲಿಲ್ಲದ ನೆಲದಲ್ಲಿ ಎಲ್ಲಿ ಕೂರಬೇಕೆಂದೇ ತಿಳಿಯುವುದಿಲ್ಲ.

ನಾವು ಉಳಿದದ್ದು ಆನ್ಸೆಲ್ಮೋ ಎಂಬ ವಯಸ್ಸಾದ ದನಗಾರನ ಮನೆಯಲ್ಲಿ. ಎಲುಬು ಸಿಕ್ಕ ನದಿಯ ದಂಡೆ ಅವನ ಹುಲ್ಲುಗಾವಲಿನ ಕೊನೆಯಲ್ಲಿತ್ತು. ಕೆಲಸದ ಮೇಲ್ವಿಚಾರಣೆ ಗ್ರಾಸಿಯೇಲಾಳದು. ಎಲುಬುಗಳನ್ನು ನೆಲದಿಂದ ಬಿಡಿಸಿ ಕಟ್ಟಿ ತರುವುದೇ ಅವಳ ವೃತ್ತಿ. ಗಟ್ಟಿ ಆಳು, ಮಾತು ಕಡಿಮೆ. ಇಬ್ಬರಿಗೂ ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಬಾರದು. ನನಗೆ ಅದು ಬಾರದು. ಅವರಾಡಿದ್ದನ್ನೆಲ್ಲ ಶರಣಮ್ಮ ನನಗೆ ತಿರುಗಿಸಿ ಹೇಳುತ್ತಿದ್ದಳು, ತನಗೆ ಬರುವ ಒಂದೇ ಕನ್ನಡದಲ್ಲಿ. ಹೀಗಾಗಿ ಇವತ್ತಿಗೂ ನನ್ನ ನೆನಪಿನಲ್ಲಿ ಆ ಬಯಲಿನ ಜನರೆಲ್ಲ ಸಿರುಗುಪ್ಪ ತಾಲ್ಲೂಕಿನವರ ಹಾಗೆ ಮಾತಾಡುತ್ತಾರೆ.

ಮೊದಲ ಊಟಕ್ಕೆ ಆನ್ಸೆಲ್ಮೋ ಬೆಂಕಿಯ ಮೇಲೆ ಅರ್ಧ ಕರು ಸುಟ್ಟಿದ್ದ. ನಾನು ಮಾಂಸ ತಿನ್ನುವುದಿಲ್ಲವೆಂದು ಶರಣಮ್ಮ ಹೇಳಿದಳು. ಅವನು ಮುದುಕರಿಗೆ ಬರುವ ಕಾಯಿಲೆಯ ಸುದ್ದಿ ಕೇಳಿದವನಂತೆ ನನ್ನನ್ನು ನೋಡಿದ.

"ಹಂಗಾರ ಕೋಳಿ ಮಾಡ್ಲೇನು ಅಂತ ಕೇಳಾಕತ್ತಾನ್ರಿ."

"ಕೋಳಿಯೂ ಬೇಡ ಅನ್ನು."

ಅವರಿಬ್ಬರೂ ಮಾತಾಡಿಕೊಂಡರು. "ಅದು ಪೂರಾ ಮಾಂಸ ಅಲ್ಲಂತ. ಚೂರು ಹಾರತೈತಂತ ಅದು."

ಊಟದ ಬಳಿಕ ಮಾಟೆ ಬಂತು. ಸೋರೆ ಬುರುಡೆಯಲ್ಲಿ ಕಹಿ ಎಲೆಯ ಪುಡಿ ತುಂಬಿ, ಬಿಸಿನೀರು ಹೊಯ್ದು, ಒಂದು ಲೋಹದ ಕೊಳವೆಯಿಂದ ಹೀರುವುದು. ಬುರುಡೆ ಒಂದೇ, ಕೊಳವೆಯೂ ಒಂದೇ, ಅದು ಕೈಯಿಂದ ಕೈಗೆ ಸುತ್ತುತ್ತದೆ. ಎಂಜಲಿನ ವಿಷಯದಲ್ಲಿ ನನ್ನ ಅತ್ತೆಗೆ ಇರುವಷ್ಟು ಮಡಿ ನನಗಿಲ್ಲ. ಆದರೂ ನನ್ನ ಸರದಿ ಬಂದಾಗ ಒಂದು ಕ್ಷಣ ಕುರುಗೋಡಿನ ನಮ್ಮ ಮನೆಯ ಪಡಸಾಲೆ ಕಣ್ಣ ಮುಂದೆ ಬಂತು. ಕುಡಿದೆ. ಬುರುಡೆ ವಾಪಸು ಕೊಡುವಾಗ ನನಗೆ ಬರುತ್ತಿದ್ದ ಒಂದೇ ಸ್ಪ್ಯಾನಿಷ್ ಪದ ಬಳಸಿ "ಗ್ರಾಸಿಯಾಸ್" ಎಂದೆ. ಆಮೇಲೆ ಬುರುಡೆ ನನ್ನ ಹತ್ತಿರ ಬರಲೇ ಇಲ್ಲ. ಮಾರನೆಯ ದಿನವೂ ಹಾಗೇ ಆಯಿತು. ಧನ್ಯವಾದ ಹೇಳಿದರೆ ಇನ್ನು ಸಾಕು ಎಂದು ಅರ್ಥವಂತೆ. ಬೇಕಿದ್ದವರು ಸುಮ್ಮನೆ ಮರಳಿಸಬೇಕು.

"ಮೊದ್ಲೇ ಹೇಳಬಾರದೇನೆ?" ಎಂದೆ.

"ನಿಮಗೆ ಎಂಜಲು ಅಂತ ಹೇಸಿಗಿ ಆಗೇತಿ, ಅದಕ ಮರ್ಯಾದಿಲೆ ಒಲ್ಲೆ ಅನ್ನಾಕತ್ತೀರಿ ಅನ್ಕೊಂಡಿದ್ನಿ," ಎಂದು ಶರಣಮ್ಮ ನಕ್ಕಳು.

ದಂಡೆ

ನಾನು ಕಂಡ ಮೊದಲ ಎಲುಬು ಎಲುಬಿನಂತೆ ಕಾಣಲಿಲ್ಲ. ಗಾಳಿ ತಂದು ಪೇರಿಸಿದ ಕಂದು ಮಣ್ಣಿನ ದಂಡೆಯೊಳಗೆ ಅದೇ ಕಂದುಬಣ್ಣದ ಒಂದು ಬೇರು ಚಾಚಿದಂತಿತ್ತು. ಶರಣಮ್ಮ ನನ್ನ ಬೆರಳು ಹಿಡಿದು ಅದರ ಮೇಲಿಟ್ಟಳು. ಸುತ್ತಲ ಮಣ್ಣು ಬೆಚ್ಚಗಿತ್ತು, ಅದು ತಣ್ಣಗಿತ್ತು.

"ಇದು ಪಕ್ಕೆಲುಬು, ಮೇಡಂ."

ಇಷ್ಟು ವರ್ಷ ಬೀರುವಿನಿಂದ ತೆಗೆದು ಹೇಳಿದ್ದೆಲ್ಲ ನಿಜವಾಗಿತ್ತು.

ಅದು ಟಾಕ್ಸೊಡಾನ್. ಘೇಂಡಾಮೃಗದಷ್ಟು ಮೈ, ನೀರಾನೆಯಂಥ ಮುಖ, ಇಲಿಯ ಹಲ್ಲಿನ ಹಾಗೆ ಸಾಯುವತನಕ ಬೆಳೆಯುತ್ತಲೇ ಇರುವ ಹಲ್ಲು. ಈ ಬಯಲಿನಲ್ಲಿ ಮನುಷ್ಯ ಮೊದಲು ಕಾಲಿಟ್ಟಾಗ ಇವು ಇನ್ನೂ ಮೇಯುತ್ತಿದ್ದವು. ಆಮೇಲೆ ಇಲ್ಲವಾದವು. ಎಲುಬಿನಲ್ಲಿ ಉಳಿದಿದ್ದ ಪ್ರೋಟೀನನ್ನು ಪರೀಕ್ಷಿಸಿದವರು ಕುದುರೆ, ಘೇಂಡಾಮೃಗಗಳು ಇವುಗಳಿಗೆ ಬಹು ದೂರದ ನೆಂಟರು ಎನ್ನುತ್ತಾರೆ. ಹತ್ತಿರದವರು ಯಾರೂ ಇಲ್ಲ. "ಇವಕ್ಕ ಹಿಂದ ಹೇಳೋರು ಕೇಳೋರು ಯಾರೂ ಉಳದಿಲ್ರಿ," ಎಂದಳು ಶರಣಮ್ಮ. ಅದನ್ನು ಪಾಠದಂತೆ ಹೇಳಲಿಲ್ಲ. ಪಕ್ಕದ ಮನೆಯವರ ವಿಷಯದಂತೆ ಹೇಳಿದಳು.

ಪ್ರಾಣಿ ಒಂದು ಮಗ್ಗುಲಿಗೆ ಒರಗಿತ್ತು. ತಲೆ ನದಿಯ ಕಡೆಗೆ, ಸೊಂಟ ಹುಲ್ಲುಗಾವಲಿನ ಕಡೆಗೆ. ಕುಸಿದ ಪಕ್ಕೆಲುಬುಗಳ ಸಂದಿನಲ್ಲಿ, ಸೊಂಟದ ಎಲುಬಿಗೆ ತೀರ ಹತ್ತಿರ, ಬೆರಳು ಗಾತ್ರದ ಇನ್ನೂ ಕೆಲವು ಎಲುಬುಗಳು ಇಣುಕುತ್ತಿದ್ದವು. ಅವು ಬೇರೆ ಪ್ರಾಣಿಯವಲ್ಲ, ಇದೇ ಜಾತಿಯ ಮರಿಯವು. ಶರಣಮ್ಮ ಕಾಯುತ್ತಿದ್ದದ್ದು ಇವುಗಳಿಗಾಗಿ. ಅದು ಹುಟ್ಟದ ಮರಿಯಾಗಿದ್ದರೆ, ಈ ಪ್ರಾಣಿಗಳು ಎಷ್ಟು ದೊಡ್ಡ ಮರಿ ಹಾಕುತ್ತಿದ್ದವು, ಒಂದೋ ಎರಡೋ ಎಂದು ಯಾರೂ ಹೇಳಲಾಗದ್ದನ್ನು ಅವಳು ಹೇಳಬಹುದಿತ್ತು. ಅವಳಿಗೆ ಸಿಗುತ್ತಿದ್ದ ಹಣದ ನೆರವು ಆ ವರ್ಷಕ್ಕೆ ಮುಗಿಯುತ್ತಿತ್ತು. ಅವಳ ಪ್ರಬಂಧ ಈ ಹೊಟ್ಟೆಯ ಮೇಲೆ ನಿಂತಿತ್ತು.

ಕೆಲಸ ನಿಧಾನವಾದದ್ದು. ಬ್ರಷ್ಷಿನಿಂದ ಮಣ್ಣು ಸರಿಸಬೇಕು, ಎಲುಬಿಗೆ ತೆಳು ಅಂಟನ್ನು ಹನಿ ಹನಿಯಾಗಿ ಕುಡಿಸಬೇಕು, ಒದ್ದೆ ಕಾಗದ ಹೊದಿಸಬೇಕು. ಅದರ ಮೇಲೆ ಗೋಣಿಪಟ್ಟಿಯನ್ನು ಪ್ಲಾಸ್ಟರಿನಲ್ಲಿ ಅದ್ದಿ, ಮುರಿದ ಕಾಲಿಗೆ ಕಟ್ಟುವಂತೆ ಸುತ್ತಬೇಕು. ಕಾಗದ ಮರೆತರೆ ಪ್ಲಾಸ್ಟರು ಎಲುಬಿಗೇ ಹತ್ತಿಬಿಡುತ್ತದೆ. ಗೋಣಿ ಹರಿಯುವುದರಲ್ಲಿ ಶರಣಮ್ಮನ ಕೈ ಎಲ್ಲರಿಗಿಂತ ಚುರುಕು. "ಭತ್ತದ ಚೀಲ ಹೊಲದು ಬೆಳದ ಕೈ ಇವು," ಎಂದು ಗ್ರಾಸಿಯೇಲಾಳಿಗೂ ಹೇಳಿದಳು.

ಇಡೀ ಪ್ರಾಣಿಯನ್ನು ಒಂದೇ ಗಂಟಾಗಿ ಎತ್ತಲಾಗದು. ಆದ್ದರಿಂದ ಎರಡು ಗಂಟು ಮಾಡಿದರು. ತಲೆ, ಕುತ್ತಿಗೆ ಒಂದು. ಹೊಟ್ಟೆ, ಸೊಂಟ ಇನ್ನೊಂದು. ಎಲುಬು ನೆಲದಲ್ಲಿ ಯಾವ ಕಡೆಗಿತ್ತೆಂದು ಆಮೇಲೆ ತಿಳಿಯಲು, ತಲೆಯ ಗಂಟಿನ ಮೇಲೆ ಉತ್ತರ ದಿಕ್ಕಿಗೆ ಬಾಣ ಬರೆಯುವ ಕೆಲಸ ನನಗೆ ಬಂತು. ಮಧ್ಯಾಹ್ನವಾಗಿತ್ತು. ನನ್ನ ನೆರಳು ನೋಡಿ, ಅದು ಬಿದ್ದ ಕಡೆಗೆ ದೊಡ್ಡದೊಂದು ಬಾಣ ಎಳೆದೆ. ಗ್ರಾಸಿಯೇಲಾ ದಿಕ್ಸೂಚಿ ಇಟ್ಟು ನೋಡಿ, ಅದರ ಪಕ್ಕ ಎದುರು ದಿಕ್ಕಿಗೆ ಇನ್ನೊಂದು ಬಾಣ ಎಳೆದಳು. ಆ ದೇಶದಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಇದನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಮೈಗೆ ಮಾತ್ರ ಗೊತ್ತಿರಲಿಲ್ಲ. ಆಮೇಲಿನ ದಿನಗಳಲ್ಲೂ ನಾನು ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗುತ್ತ, ಕನಸಿನಲ್ಲಿ ಸ್ವಂತ ಮನೆಯ ಬಾಗಿಲು ಸಿಗದವಳ ಹಾಗೆ ಓಡಾಡಿದೆ.

ಕಟ್ಟಿದ ಗಂಟು ಬಿಳಿಯಾಗಿ, ದುಂಡಗೆ, ಮಲಗಿದ ದನದಂತಿತ್ತು. "ಚೆನ್ನಾಗಿದೆ ಅಂತ ಹೇಳು ಅವಳಿಗೆ," ಎಂದೆ.

"ಈಗ ಅನ್ನಬಾರದ್ರಿ. ಮಗುಚಿ ಹಾಕೋತನಕ ಚಂದ ಐತಿ ಅನ್ನಂಗಿಲ್ಲ. ತಳ ಉದುರತೈತಂತ."

ನಮ್ಮಲ್ಲಿ ದೃಷ್ಟಿಯಾದೀತೆಂದು ಕೂಸಿಗೆ ಹೀಗೆ ಮಾಡುತ್ತೇವೆ.

ಗಾಳಿ

ಗಂಟುಗಳನ್ನು ಎಳೆದೊಯ್ಯಲು ಶನಿವಾರ ಟ್ರ್ಯಾಕ್ಟರು ಬರುವುದಿತ್ತು. ಅದಕ್ಕೆ ಮೊದಲೇ ಗಾಳಿ ಬಂತು. ಅಲ್ಲಿನವರು ಅದನ್ನು ಸುದೆಸ್ತಾದ ಎನ್ನುತ್ತಾರೆ. ಆಗ್ನೇಯದಿಂದ ಬೀಸುವ ತಣ್ಣನೆಯ, ಬಿಡುವಿಲ್ಲದ ಗಾಳಿ. ಅದು ಸಮುದ್ರದ ನೀರನ್ನು ನದಿಯ ಬಾಯಿಗೆ ತಳ್ಳುತ್ತದೆ. ನದಿ ಹರಿಯುವುದನ್ನು ನಿಲ್ಲಿಸುತ್ತದೆ, ಆಮೇಲೆ ಹಿಂದಕ್ಕೆ ಬರುತ್ತದೆ. ತುಂಗಭದ್ರೆ ತುಂಬಿ ಬಂದದ್ದನ್ನು ನಾನು ನೋಡಿದ್ದೇನೆ. ನದಿ ಮರಳಿ ಬಂದದ್ದನ್ನು ಅಂದೇ ನೋಡಿದ್ದು. ಸದ್ದೇ ಇರಲಿಲ್ಲ. ಹುಲ್ಲಿನ ಕಡ್ಡಿಗಳು ಸಮುದ್ರದ ಕಡೆಯಿಂದ ನಮ್ಮ ಕಡೆಗೆ ತೇಲಿಬರುತ್ತಿದ್ದವು.

ದಂಡೆಯ ಮೇಲಿನ ಹುಲ್ಲಿನಲ್ಲಿ ಒಂದು ಬಿರುಕು ಕಂಡೆ. ಮೊದಲು ಅದರಲ್ಲಿ ಹುಲ್ಲುಕಡ್ಡಿಯಷ್ಟೇ ಹಿಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಬೆರಳು ಹಿಡಿಯಿತು. ನಾನು ಕೂಗಿ ಹೇಳಿದೆ. ಬಿರುಕಿನಾಚೆ ಟ್ರ್ಯಾಕ್ಟರಿರಲಿ, ನಾಲ್ಕು ಜನ ಒಟ್ಟಿಗೆ ನಿಲ್ಲುವುದೂ ಅಪಾಯವಿತ್ತು. ಆನ್ಸೆಲ್ಮೋ ಮನೆಯ ಹಿಂದೆ ಬಿದ್ದಿದ್ದ ಮಾಳಿಗೆಯ ತಗಡನ್ನೂ ಎರಡು ಕುದುರೆಗಳನ್ನೂ ತಂದ. ಗಂಟನ್ನು ತಗಡಿನ ಮೇಲೆ ಮಗುಚಿ, ಕುದುರೆ ಕಟ್ಟಿ ಎಳೆಯುವುದು. ಒಂದು ಸಲಕ್ಕೆ ಸಮಯವಿದೆ, ಎರಡನೆಯದಕ್ಕೆ ಇಲ್ಲ ಎಂದ ಅವನು.

ಗ್ರಾಸಿಯೇಲಾ ತಲೆಯ ಗಂಟಿನ ಮೇಲೆ ಕೈಯಿಟ್ಟಳು. ಎರಡು ದವಡೆಯ ಹಲ್ಲೂ ಕೆಡದ ತಲೆ ಸಿಗುವುದು ಅಪರೂಪ. ಮ್ಯೂಸಿಯಂ ಕೇಳುವುದೂ ಅದನ್ನೇ. ಶರಣಮ್ಮ ಹೊಟ್ಟೆಯ ಗಂಟಿನ ಹತ್ತಿರ ನಿಂತಿದ್ದಳು. ಅವರಿಬ್ಬರ ನಡುವೆ ಸ್ಪ್ಯಾನಿಷ್‌ನಲ್ಲಿ ನಡೆದದ್ದನ್ನು ಅವಳು ನನಗೆ ಹೇಳಲಿಲ್ಲ. ಕೇಳುವ ಹೊತ್ತೂ ಅದಲ್ಲ. ಕೊನೆಗೆ ಗ್ರಾಸಿಯೇಲಾ ಹಿಂದೆ ಸರಿದಳು.

"ನಿನ್ನ ಎಲುಬು, ನೀನ ಹೇಳು ಅಂತಾಳ," ಎಂದಳು ಶರಣಮ್ಮ ನನ್ನ ಕಡೆ ತಿರುಗಿ. "ತಲಿ ಎಲ್ಲೆರ ಒಂದು ಸಿಗತೈತ್ರಿ, ಮೇಡಂ. ಇಂಥಾ ಹೊಟ್ಟಿ ಇನ್ನೊಂದು ಸಿಗಂಗಿಲ್ಲ."

ನಾಲ್ವರೂ ಬಾಗಿ ಹೊಟ್ಟೆಯ ಗಂಟನ್ನು ತಗಡಿನ ಮೇಲೆ ಮಗುಚಿದೆವು. ತಳದಿಂದ ಒಂದು ಹಿಡಿ ಮಣ್ಣು ಉದುರಿತು, ಅಷ್ಟೇ. ಗ್ರಾಸಿಯೇಲಾ ತೆರೆದ ತಳಕ್ಕೆ ಒದ್ದೆ ಕಾಗದ, ಗೋಣಿ ಮುಚ್ಚಿದಳು. ಕುದುರೆಗಳಲ್ಲಿ ಒಂದು ಆ ಬಿಳಿ ಗಂಟಿನ ಹತ್ತಿರ ಮೂಗು ತಂದು, ಹಿಂಜರಿದು, ಕಿವಿ ಹಿಂದಕ್ಕೆ ಮಾಡಿತು. ಆನ್ಸೆಲ್ಮೋ ಅದರ ಕುತ್ತಿಗೆ ತಟ್ಟಿದ. ಎಳೆದವು.

ಬಿರುಕು ದಾಟಿ ಹತ್ತು ಮಾರು ಬಂದಿದ್ದೆವೇನೋ. ತಿರುಗಿ ನೋಡಿದೆ. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ದಂಡೆ ಒಡೆದು ಬೀಳಲಿಲ್ಲ. ದಣಿದ ಎಮ್ಮೆ ಕೂರುವಂತೆ, ನಿಂತ ಭಂಗಿಯಲ್ಲೇ ಕೆಳಗೆ ಕೂತಿತು. ಮೇಲಿನ ಹುಲ್ಲು ಅಲುಗಲಿಲ್ಲ. ಹುಲ್ಲಿನ ಮೇಲೆ ನಿಂತಿದ್ದ ಒಂದು ಹಕ್ಕಿ, ನೀರು ಕಾಲಿಗೆ ತಾಗಿದ ಮೇಲೆ ಹಾರಿತು. ತಲೆಯ ಗಂಟು ನೆಟ್ಟಗೆ ಕೂತಂತೆಯೇ ಇಳಿಯಿತು. ನಾನು ತಪ್ಪಾಗಿ ಎಳೆದ ಬಾಣ, ಗ್ರಾಸಿಯೇಲಾ ತಿದ್ದಿದ ಬಾಣ ಎರಡೂ ಕಾಣುತ್ತಿದ್ದವು. ನೀರು ಅದರ ಸುತ್ತ ಬಂತು, ಮೇಲೆ ಬಂತು. ಕಂದು ನೀರಿನೊಳಗೆ ಅದರ ಬಿಳುಪು ಸ್ವಲ್ಪ ಹೊತ್ತು ಕಂಡಿತು. ಆಮೇಲೆ ನೋಡುತ್ತಿರುವುದು ಬಿಳುಪನ್ನೋ ಬಿಳುಪಿನ ನೆನಪನ್ನೋ ನನಗೆ ತಿಳಿಯಲಿಲ್ಲ.

ಶರಣಮ್ಮ ಆ ಕಡೆ ತಿರುಗಿ ನೋಡಲೇ ಇಲ್ಲ.

ಮ್ಯೂಸಿಯಂ ಇರುವ ಊರು

ಸಾಲು ಮರಗಳ ಊರು. ಮ್ಯೂಸಿಯಮ್ಮಿನ ಮೇಲಂತಸ್ತಿನಲ್ಲಿ ಎತ್ತರದ ಕಿಟಕಿಗಳ ಒಂದು ಕೋಣೆ. ಅಲ್ಲಿ ಗಂಟನ್ನು ತಳ ಮೇಲಾಗಿ ಮಲಗಿಸಿ, ಮುಚ್ಚಿದ್ದ ಗೋಣಿಯನ್ನು ಕತ್ತರಿಸಿದರು. ಬೆಳಗಿನಿಂದ ಸಂಜೆಯವರೆಗೆ ಕೇಳುತ್ತಿದ್ದದ್ದು ಬ್ರಷ್ಷಿನ ಸದ್ದು, ಹಲ್ಲಿನ ಡಾಕ್ಟರುಗಳು ಬಳಸುವಂಥ ಕೊಕ್ಕೆಯ ಸದ್ದು. ಮಣ್ಣು ಹಿಟ್ಟಿನಂತೆ ಉದುರುತ್ತಿತ್ತು. ಕಿಟಕಿಯ ಬೆಳಕಿನಲ್ಲಿ ಆ ಹುಡಿ ಕೆಳಗಿಳಿಯದೆ ತೇಲುತ್ತ ನಿಂತಿರುತ್ತಿತ್ತು. ಎಷ್ಟೋ ಸಾವಿರ ವರ್ಷದ ಹಿಂದಿನ ಒಂದು ಗಾಳಿ ಬೀಸಿ ತಂದ ಧೂಳು ಅದು. ಈಗ ನಮ್ಮ ಕೂದಲಿನ ಮೇಲೆ ಕೂರುತ್ತಿತ್ತು.

ಶರಣಮ್ಮ ಆ ದಿನಗಳಲ್ಲಿ ಸರಿಯಾಗಿ ಉಣ್ಣುತ್ತಿರಲಿಲ್ಲ. "ಹುಟ್ಟದ ಮರಿ ಆಗಿದ್ರ ತಲಿ ಹೋದದ್ದು ಹೋಗ್ಲಿ," ಎಂದಳು ಒಮ್ಮೆ.

ಮರಿಯ ಕೆಳದವಡೆ ಸಿಕ್ಕಿದ್ದು ಒಂದು ಮಧ್ಯಾಹ್ನ. ನನ್ನ ಅಂಗೈಯಲ್ಲಿ ಹಿಡಿಸುವಷ್ಟು. ಅವಳ ಎರಡೂ ಕೈ ಕೆಲಸದಲ್ಲಿದ್ದವು, ಆದ್ದರಿಂದ ಲೆನ್ಸ್ ಹಿಡಿದು ಮೊದಲು ಹಲ್ಲು ನೋಡಿದ್ದು ನಾನು. ಹುಟ್ಟದ ಮರಿಯ ಹಲ್ಲಿನ ತುದಿ ಒರಟಾಗಿ, ಸವೆಯದೆ ಇರಬೇಕು. ಇದು ಸವೆದು ಚಪ್ಪಟೆಯಾಗಿತ್ತು. ಆ ಚಪ್ಪಟೆಯ ಮೇಲೆ ಕೂದಲಿಗಿಂತ ತೆಳುವಾದ ಗೀರುಗಳಿದ್ದವು, ಎಲ್ಲವೂ ಒಂದೇ ಕಡೆಗೆ. ನಮ್ಮ ಬ್ರಷ್ಷಿನಿಂದ ಆದದ್ದಿರಬಹುದೆಂದು, ಇನ್ನೂ ಅರ್ಧ ಮಣ್ಣಿನಲ್ಲಿದ್ದ ಪಕ್ಕದ ಹಲ್ಲನ್ನು ನೀರಿನಿಂದಷ್ಟೇ ತೊಳೆದು ನೋಡಿದೆ. ಅದರಲ್ಲೂ ಇದ್ದವು. ಹುಲ್ಲಿನ ಜೊತೆ ಬಾಯಿಗೆ ಹೋಗುವ ಮಣ್ಣಿನ ಕಣಗಳು ಹಲ್ಲಿನ ಮೇಲೆ ಬಿಡುವ ಗೀರು ಅದು. ಗರ್ಭದಲ್ಲಿ ಮಣ್ಣಿರುವುದಿಲ್ಲ.

ಮತ್ತೊಮ್ಮೆ ನೋಡಿದೆ. ಇನ್ನೊಮ್ಮೆ ನೋಡಿದೆ. ಹೇಳದೆ ಇರಲು ಬೇರೆ ಕಾರಣ ಉಳಿದಿರಲಿಲ್ಲ.

"ಶರಣಮ್ಮ, ಕೈ ನಿಲ್ಲಿಸು. ಇಲ್ಲಿ ನೋಡು."

ಅವಳು ಲೆನ್ಸ್ ತೆಗೆದುಕೊಂಡಳು. ಬಹಳ ಹೊತ್ತು ಬಾಗಿಯೇ ಇದ್ದಳು. ಗ್ರಾಸಿಯೇಲಾ ಆ ತುದಿಯಿಂದ ಏನೋ ಕೇಳಿದಳು. ಶರಣಮ್ಮ ಅವಳಿಗೆ ಕನ್ನಡದಲ್ಲಿ ಉತ್ತರ ಕೊಟ್ಟಳು.

"ಹುಟ್ಟಿತ್ತು."

ಆಮೇಲೆ ಎಚ್ಚರವಾದವಳಂತೆ ಸ್ಪ್ಯಾನಿಷ್‌ನಲ್ಲಿ ಹೇಳಿದಳು. ಗ್ರಾಸಿಯೇಲಾ ಬಂದು ನೋಡಿ, ಅವಳ ಬೆನ್ನ ಮೇಲೆ ಒಂದು ಸಲ ಕೈಯಿಟ್ಟು, ತನ್ನ ಜಾಗಕ್ಕೆ ಹೋದಳು. ನದಿಗೆ ಹೋದ ತಲೆಯ ಬಗ್ಗೆ ಒಂದು ಮಾತೂ ಆಡಲಿಲ್ಲ.

"ತಲಿ ಬಿಟ್ಟು ಬಂದ್ವಿ, ಮೇಡಂ."

"ಹೌದು," ಎಂದೆ. ಸಮಾಧಾನದ ಮಾತು ಯಾವುದೂ ನಿಜವಾಗಿರಲಿಲ್ಲ.

ಅದು ತಾಯಿಯ ಪಕ್ಕದಲ್ಲಿ ಮಲಗಿದ್ದ ಮರಿ ಇರಬೇಕು. ದೊಡ್ಡದರ ಪಕ್ಕೆಲುಬುಗಳು ಮಣ್ಣಿನ ಭಾರಕ್ಕೆ ಕುಸಿದು ಅದನ್ನು ಮುಚ್ಚಿಕೊಂಡಿದ್ದವು. ತಾಯಿ ಎಂದು ನಾವು ಹೇಳುತ್ತೇವೆ. ಎಲುಬು ಹಾಗೆ ಹೇಳುವುದಿಲ್ಲ.

ಶರಣಮ್ಮ ಕೂತೇ ಇದ್ದಳು. ಕಿಟಕಿಯ ಬೆಳಕು ಮೇಜಿನಿಂದ ನೆಲಕ್ಕೆ ಇಳಿಯಿತು. ಅವಳು ಅಳಲಿಲ್ಲ. ದವಡೆಯನ್ನು ಹತ್ತಿಯ ಮೇಲೆ ಮಲಗಿಸಿ, ಒಂದು ಬೆರಳಿನಿಂದ ಅದರ ಅಂಚನ್ನು ಸವರಿದಳು. ಆಮೇಲೆ ಕೊಟ್ಟಿಗೆಯಲ್ಲಿ ಕರುವಿನ ಮುಂದೆ ಕೂತು ಮಾತಾಡುವ ದನಿಯಲ್ಲಿ, ಮೆಲ್ಲಗೆ, ನಮಗಾರಿಗೂ ಅಲ್ಲದೆ ಕೇಳಿದಳು.

"ಹಂಗಾರ ಹುಲ್ಲು ತಿಂದಿದ್ದಿ ನೀ. ಎಷ್ಟು ದಿನ ಇದ್ದಿ ಲೇ?"

ಕೇಳಿದ ಮೇಲೆ ಅವಳ ಬೆರಳು ನಿಂತಿತು. ಬೆಳೆಯುತ್ತಲೇ ಇರುವ ಹಲ್ಲು ಅದು. ಹುಟ್ಟಿದಂದಿನಿಂದ ಬದುಕಿದಷ್ಟು ಕಾಲವೂ ಅದರೊಳಗೆ ಎಣಿಸಬಹುದಾದಂತೆ ಪದರ ಪದರವಾಗಿ ಕೂತಿರುತ್ತದೆ. ಅವಳು ತಲೆ ಎತ್ತದೆ ಕೈ ಚಾಚಿ ಲೆನ್ಸ್ ಎಳೆದುಕೊಂಡಳು.

"ದೀಪ ಈ ಕಡೆ ಸರಸ್ರಿ, ಮೇಡಂ."

ಸರಿಸಿದೆ.